ಬನ್ನಿಗೆ ಬಿಟ್ಟ ಪಾಲು

ವಿಜಯದಶಮಿಯಂದು ಬನ್ನಿಯ ಎಲೆಯನ್ನು ಹಿರಿಯರ ಕೈಗಿತ್ತು ನಮಸ್ಕರಿಸುವ ಆಚಾರವನ್ನು ಕನ್ನಡಿಗನು ತಾನು ನೆಲೆಸಿದೆಡೆಗೆಲ್ಲ ಕೊಂಡೊಯ್ದಿದ್ದಾನೆ. ಚೆನ್ನೈಯ ಪೆರುಂಗುಡಿಯಲ್ಲಿ ಬಹುಮಹಡಿಯ ಮನೆಯಲ್ಲಿ ವಾಸಿಸುವವನೂ ಅಂದು ಬನ್ನಿಯನ್ನು ಅರಸುತ್ತಾನೆ. ತಮಿಳರು ವನ್ನಿಯೆಂದು ಕರೆಯುವ ಇದೇ ಮರವು ಅಲ್ಲಿನ ಹಲವು ಶಿವಾಲಯಗಳ ಸ್ಥಳವೃಕ್ಷವಾಗಿರುವುದರಿಂದ ದೇವರು ಹೊಸಬನಾದರೂ ಮರ ಹಳೆಯ ನೆಂಟನೇ.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ವಿರಾಟನಗರದ ಹೊರಗಿನ ಶಮೀವೃಕ್ಷದಲ್ಲಿ ಇರಿಸಿದರು. ಬಂಧುಗಳಿಗೂ ಒಪ್ಪಿಸಲಾಗದ ಗಾಂಡೀವವನ್ನು ಒಂದು ಮರಕ್ಕೆ ಒಪ್ಪಿಸಿದರು! ವರ್ಷ ಕಳೆದು ಉತ್ತರಕುಮಾರನು ಮರವನ್ನೇರಿದಾಗ ಇಟ್ಟದ್ದು ಇಟ್ಟಂತೆಯೇ ಇತ್ತು. ಅಂತಹ ವಿಶ್ವಾಸಪಾತ್ರ ವೃಕ್ಷಕ್ಕೆ ಪೂಜೆ ಸಲ್ಲಿಸಿದವರೇ ದಶಮಿಯ ರಾತ್ರಿ ಕಳೆಯುವುದರೊಳಗೆ ಕೈಗೆಟುಕುವ ಕೊಂಬೆಗಳನ್ನೆಲ್ಲ ಬೋಳು ಮಾಡಿರುತ್ತಾರೆ. ಹೊತ್ತು ಮುಳುಗಿದ ಮೇಲೆ ಗಿಡ ಮಲಗಿರುತ್ತದೆ, ಮುಟ್ಟಬಾರದು ಎಂದು ಮನೆಯ ಅಜ್ಜಿಯರು ಹೇಳುತ್ತಿದ್ದ ಮಾತು ಅಂದೊಂದು ದಿನ ಯಾರಿಗೂ ನೆನಪಾಗದು.

ಹಾಗಾದರೆ ಕೊಯ್ಯುವುದೇ ತಪ್ಪೆ? ಹಾಗೆಂದರೆ ಪತ್ರಪುಷ್ಪಗಳ ಪೂಜೆಯೇ ನಿಂತೀತು. ಇದಕ್ಕೆ ಉತ್ತರವನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕೇಳಬೇಕು. ರಂಗನಾಥನು ಅವರಿಗೆ ದೂರದ ದೇವರಲ್ಲ. ತಮ್ಮ ಕುಲದ ಕುಸುಮಾಲೆಯನ್ನು ವರಿಸಿದ ರಂಗಭಾವ. ಭಾರ್ಗವಿ ಹೊಳೆಯ ದಂಡೆಯಲ್ಲಿರುವ ದೊಡ್ಡಸಂಪಿಗೆಯು ಮರದ ರೂಪು ತಾಳಿದ ದೈವ. ಅದರ ಬುಡದಲ್ಲಿ ಲಿಂಗಗಳ ಸಾಲೇ ಇದೆ. ಹೀಗಿದ್ದೂ ಅವರು ಕಾಡನ್ನು ಮುಟ್ಟದೆ ಬಾಳಿದವರಲ್ಲ. ಗೆಣಸನ್ನು ಅಗೆದವನು ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೆ ಸೇರಿಸುತ್ತಾನೆ. ನೆಲ್ಲಿಯಲ್ಲಿ ಮೃಗಪಕ್ಷಿಗಳ ಪಾಲನ್ನು, ಜೇನಿನಲ್ಲಿ ಹುಳುವಿನ ಪಾಲನ್ನು ಬಿಟ್ಟು ಬರುತ್ತಾನೆ. ಬೇಸಗೆಯ ಮೊದಲಲ್ಲೇ ಹಗುರವಾದ ತರಗುಬೆಂಕಿಯನ್ನು ಹಚ್ಚಿ, ಕಳೆ ಹೆಚ್ಚದಂತೆಯೂ ದೊಡ್ಡ ಕಾಳ್ಗಿಚ್ಚು ಏಳದಂತೆಯೂ ನೋಡಿಕೊಳ್ಳುವುದು ಅವರ ಹಿರಿಯರ ಕ್ರಮವಾಗಿತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಹಬ್ಬಿತು. ಓದು ಬಲ್ಲವರು ಅವರ ಮಾತಿಗೆ ಕಿವಿಗೊಡಲು ಬಹುಕಾಲ ಹಿಡಿಯಿತು. ಕಾಡಿನ ಮೇಲಣ ಸಮುದಾಯದ ಹಕ್ಕು ಅವರಿಗೆ ದೊರೆತದ್ದು 2011ರಲ್ಲಿ.

ತೆಗೆದುಕೊಂಡಲ್ಲಿ ಪಾಲು ಬಿಡುವ ಈ ಧರ್ಮಕ್ಕೆ ಪೆರುಂಗುಡಿಯಲ್ಲಿಯೂ ಕೆಲಸವುಂಟು. ಅಲ್ಲಿನವರ ಕಿಟಕಿಗೆ ಕಾಣುವುದು ಕಾಡಲ್ಲ, ಪಳ್ಳಿಕರಣೈಯ ಜೌಗುನೆಲ. ಶಮಿಯು ಆಯುಧವನ್ನು ಕಾಯ್ದಂತೆ ಜೊಂಡು ಬೆಳೆದ ಈ ನೆಲ ನೀರನ್ನು ಕಾಯುತ್ತದೆ. ನೂರಾರು ಬಗೆಯ ಜೀವಿಗಳಿಗೆ ಆಶ್ರಯ ಕೊಡುತ್ತದೆ. 2022ರಲ್ಲಿ ಇದಕ್ಕೆ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಆದರೆ ಅದೇ ಜೌಗಿನ ಪೆರುಂಗುಡಿಯ ಅಂಚಿನಲ್ಲಿ ದಶಕಗಳ ಕಾಲ ನಗರದ ಕಸವನ್ನು ಸುರಿಯಲಾಯಿತು. ಒಂಬತ್ತು ದಿನ ದೇವಿಯ ಮುಂದಿದ್ದ ಹೂವು, ಬಾಳೆಕಂದು, ಮಾವಿನ ತೋರಣಗಳು ಹತ್ತನೆಯ ದಿನ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಸಿಕೊಂಡು ಮನೆಯಿಂದ ಹೊರಟರೆ ಸೇರುವುದು ಇಂತಹ ನೆಲವನ್ನೇ. ನಿರ್ಮಾಲ್ಯವನ್ನು ತುಳಿಯಬಾರದೆಂದು ಕಾಲನ್ನು ಸರಿಸಿಕೊಳ್ಳುವ ಭಕ್ತನು ಅದು ಹೋಗಿ ಬೀಳುವ ಸ್ಥಳವನ್ನು ಕೇಳುವುದಿಲ್ಲ. ತಾರಸಿಯ ಮೇಲೆ ಒಂದು ತೊಟ್ಟಿ ಮಣ್ಣಿದ್ದರೆ ಅಷ್ಟೂ ಹೂವು ತುಳಸಿಗೆ ಗೊಬ್ಬರವಾಗುತ್ತಿತ್ತು.

ದಸರೆಯ ಹಿಂದೆಯೇ ಆ ಊರಿಗೆ ಈಶಾನ್ಯ ಮಾರುತದ ಮಳೆ ಬರುತ್ತದೆ. ಆಗ ಸುತ್ತಲಿನ ಹಲವಾರು ಕೆರೆಗಳು ತುಂಬಿ ಹರಿದ ನೀರೆಲ್ಲ ಈ ಜೌಗಿಗಿಳಿದು, ಇಲ್ಲಿ ತಂಗಿ, ಒಕ್ಕಿಯಂ ಮಡುವಿನ ದಾರಿಯಲ್ಲಿ ಮೆಲ್ಲಗೆ ಕಡಲಿನತ್ತ ಸಾಗಬೇಕು.