ಉಳಿಸಿದ ಹಣದ ಬೆಲೆ



ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಿಲ್ಲದ ಊರು ನಮ್ಮ ಕರಾವಳಿಯಲ್ಲಿ ವಿರಳ. ಮಗನೋ ಮಗಳೋ ದುಬೈಗೆ ಹೊರಟಾಗ ಹಿರಿಯರು ನೀಡುವ ಉಪದೇಶಗಳಲ್ಲಿ ಮುಖ್ಯವಾದುದು, “ನಾಲ್ಕು ಕಾಸು ಉಳಿಸು” ಎಂಬುದು. ಉಪದೇಶವೇನೋ ಸರಿಯಾದುದೇ. ಆದರೆ ಉಳಿತಾಯವು ಯಾವಾಗಲೂ ಸದ್ಗುಣವೇ? ಅದರ ಬೆಲೆಯನ್ನು ತೆರುವವರು ಯಾರು?

ಮೊದಲು ಲೆಕ್ಕವನ್ನೇ ನೋಡೋಣ. ಯು.ಎ.ಇ.ಯ ದಿರ್ಹಮ್‌ನ ಮೌಲ್ಯವನ್ನು 1997ರಿಂದ ಡಾಲರಿಗೆ 3.6725ರಂತೆ ಸ್ಥಿರಗೊಳಿಸಲಾಗಿದೆ. ಆದುದರಿಂದ ಡಾಲರಿನೆದುರು ರೂಪಾಯಿ ಕುಸಿದಂತೆಲ್ಲ ದಿರ್ಹಮ್ ನಮಗೆ ತುಟ್ಟಿಯಾಗುತ್ತದೆ. 2010ರಲ್ಲಿ ಅದಕ್ಕೆ ಸುಮಾರು 12 ರೂಪಾಯಿ ದೊರೆಯುತ್ತಿತ್ತು. 2024ರಲ್ಲಿ ಸುಮಾರು 23. ಮಗನ ಸಂಬಳ 3,000 ದಿರ್ಹಮ್ ಎಂದಿಟ್ಟುಕೊಳ್ಳಿ. ಮನೆಯವರು ಅದನ್ನು 69,000 ರೂಪಾಯಿ ಎಂದು ಎಣಿಸುತ್ತಾರೆ. ಆದರೆ ಬಾಡಿಗೆ, ಊಟ, ಬಸ್ಸು, ಫೋನುಗಳಿಗೆ ಅವನು ತೆರುವುದೂ ದಿರ್ಹಮನ್ನೇ. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜ: ಹಲವರು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು ವಾಸಿಸುವುದನ್ನು ‘ಬೆಡ್ ಸ್ಪೇಸ್’ ಎನ್ನುತ್ತಾರೆ. ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡಬಾರದೆಂದು ಆ ದೇಶದ 2021ರ ಕಾನೂನು ವಿಧಿಸಿದ್ದರೂ, ಊರಿನಲ್ಲೇ ಸಾಲ ಹೊತ್ತು ಹೊರಡುವವರಿದ್ದಾರೆ.

ಹೊಸದಾಗಿ ಹೋದವನೂ ಇದೇ ಗುಣಾಕಾರದಲ್ಲಿ ಸಿಲುಕುತ್ತಾನೆ. ಹಣ್ಣೊಂದನ್ನು ಕೈಗೆತ್ತಿಕೊಂಡು, ಬೆಲೆಯನ್ನು 23ರಿಂದ ಗುಣಿಸಿ, ಮರಳಿ ಇಡುತ್ತಾನೆ. ವೈದ್ಯರ ಭೇಟಿಯನ್ನು ಮುಂದೂಡುತ್ತಾನೆ. ಇತ್ತ ಮನೆಯಲ್ಲಿ ಅದೇ ಗುಣಾಕಾರದಿಂದ ಮಹಡಿಮನೆಯ, ವೈಭವದ ಮದುವೆಯ ಯೋಜನೆ ಸಿದ್ಧವಾಗುತ್ತದೆ. ಒಂದೇ ಲೆಕ್ಕವು ಅಲ್ಲಿ ಅರೆಹೊಟ್ಟೆ, ಇಲ್ಲಿ ಆಡಂಬರ.

“ಅವನು ಪ್ರೀತಿಯಿಂದ ಕೊಡುತ್ತಾನೆ, ನಾವೇನು ಬಲವಂತ ಮಾಡಿದ್ದೇವೆಯೇ?” ಎಂದು ನೀವು ಕೇಳಬಹುದು. ನಿಜ. ಹೆತ್ತವರು ನೊಂದುಕೊಳ್ಳಬಾರದೆಂದು ಅವನು ತನ್ನ ಕಷ್ಟವನ್ನು ಬಚ್ಚಿಡುತ್ತಾನೆ. ಆದರೆ ಬಚ್ಚಿಟ್ಟ ಕಷ್ಟದಿಂದ ಮನೆಗೆ ತಪ್ಪು ಲೆಕ್ಕ ತಲಪುತ್ತದೆ. ಆ ಲೆಕ್ಕದ ಮೇಲೆ ಹೊಸ ಬೇಡಿಕೆಗಳು ಹುಟ್ಟುತ್ತವೆ. ಔದಾರ್ಯವು ದುಂದುವೆಚ್ಚ ಮತ್ತು ಜಿಪುಣತನಗಳ ನಡುವಣ ಗುಣವೆಂದು ಅರಿಸ್ಟಾಟಲ್ ಬೋಧಿಸಿದನು; ಸಂತ ಥಾಮಸ್ ಅಕ್ವಿನಾಸರೂ ಆ ವಿಚಾರವನ್ನು ಮುಂದುವರಿಸಿದರು. ತನ್ನ ದೇಹದ ಮೇಲೆಯೇ ಜಿಪುಣತನ ತೋರಿ ಇತರರ ದುಂದಿಗೆ ಹಣ ಒದಗಿಸುವುದು ಔದಾರ್ಯವೆನಿಸೀತೇ? ತ್ಯಾಗವು ಧರ್ಮವಾಗಬೇಕಾದರೆ ಕೊಡುವವನಷ್ಟೇ ಅಲ್ಲ, ಪಡೆಯುವವನೂ ಅದರ ಬೆಲೆಯನ್ನು ಅರಿತಿರಬೇಕು.

ಇನ್ನೊಂದು ಮಾತು. ಅಲ್ಲಿ ದುಡಿಯುವ ಭಾರತೀಯನಿಗೆ ಆ ಸರಕಾರದ ಪಿಂಚಣಿಯಿಲ್ಲ. ಸಾಮಾನ್ಯವಾಗಿ ಸೇವಾಂತ್ಯದಲ್ಲಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರದ ವರ್ಷಗಳಿಗೆ 30 ದಿನಗಳ ಮೂಲವೇತನ ಗ್ರಾಚ್ಯುಯಿಟಿಯಾಗಿ ದೊರೆಯುತ್ತದೆ. ವೃದ್ಧಾಪ್ಯಕ್ಕೆ ಅದು ಎಷ್ಟರದು? ಆದುದರಿಂದ ಅವನು ತನ್ನ ಹೆಸರಿನಲ್ಲಿ ಕೂಡಿಡುವ ಹಣ ಸ್ವಾರ್ಥವಲ್ಲ. ನಾಳೆ ಯಾರಿಗೂ ಹೊರೆಯಾಗದಿರುವ ವಿವೇಕ.

ಮಗ ರಜೆಗೆ ಬಂದಾಗ ಮನೆಮಂದಿಯೆಲ್ಲ ಕುಳಿತು ಒಂದು ಪುಸ್ತಕದಲ್ಲಿ ಮೂರು ಲೆಕ್ಕಗಳನ್ನು ಬರೆಯಿರಿ: ಅವನ ಜೀವನಕ್ಕೆ ಬೇಕಾದುದು, ಮನೆಗೆ ಬರುವುದು, ಅವನ ನಾಳೆಗೆ ಉಳಿಯಬೇಕಾದುದು. ಮೊದಲನೆಯದನ್ನು ದಿರ್ಹಮಿನಲ್ಲೇ ಬರೆಯಿರಿ, ಗುಣಿಸಬೇಡಿ. ಮತ್ತು ಮುಂದಿನ ಬಾರಿ ಅವನು ಫೋನ್ ಮಾಡಿದಾಗ, “ಎಷ್ಟು ಕಳುಹಿಸುತ್ತೀ?” ಎನ್ನುವ ಮೊದಲು, “ಇವತ್ತು ಏನು ಉಂಡೆ?” ಎಂದು ಕೇಳಿರಿ.