ಉಂಡ ಜೋಳದ ಲೆಕ್ಕ

ಹೋದ ಎರಡು ತಿಂಗಳಲ್ಲಿ ಓದಿದ್ದು ನಾಲ್ಕು. ಪಂಪನ ‘ವಿಕ್ರಮಾರ್ಜುನ ವಿಜಯ’ (ಮೂರನೆಯ ಸಲ, ಈ ಸಲ ಪರೀಕ್ಷೆಯ ಭಯವಿಲ್ಲದೆ), ಗಂಗೂಬಾಯಿ ಹಾನಗಲ್ಲರ ಆತ್ಮಕತೆ ‘ನನ್ನ ಬದುಕಿನ ಹಾಡು’, ನವಲಗುಂದದ ರೈತ ಬಂಡಾಯದ ಮೇಲೊಂದು ತೆಳ್ಳನೆಯ ಪುಸ್ತಕ, ಮತ್ತು ಸಂಶೋಧನೆಗೆಂದು ಓಡಾಡುವಾಗ ಕುಂದಗೋಳ ತಾಲ್ಲೂಕಿನ ಒಂದು ವಾಡೆಯಲ್ಲಿ ಸಿಕ್ಕ ಲೆಕ್ಕದ ಕಿರ್ದಿ. ಕೊನೆಯದನ್ನು ಪುಸ್ತಕ ಎನ್ನಬಹುದೋ ಇಲ್ಲವೋ, ಉಳಿದ ಮೂರನ್ನು ನಾನು ಓದಿದ ರೀತಿಯನ್ನಂತೂ ಅದೇ ಬದಲಿಸಿತು.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟಳೆ. ಅಕ್ಕಿ ಉಣ್ಣುವ ಸೀಮೆಯಲ್ಲಿ ಹುಟ್ಟಲಾರದ ಪದ, ನಮ್ಮ ಎರಿ ಹೊಲದ್ದೇ ಇರಬೇಕು ಎಂದು ನನಗೆ ಅನಿಸುತ್ತದೆ, ಸಾಕ್ಷಿ ಕೇಳಬೇಡಿ. ಪಂಪನ ಕರ್ಣ ನಿಂತಿರುವುದು ಈ ಕಟ್ಟಳೆಯ ಮೇಲೆಯೇ. ಕೃಷ್ಣ ಹುಟ್ಟಿನ ಗುಟ್ಟು ಹೇಳಿದರೂ, ಕುಂತಿಯೇ ಬಂದು ಬೇಡಿಕೊಂಡರೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಕಾಲೇಜಿನಲ್ಲಿ ಇದನ್ನು ಓದಿ ನಾವೆಲ್ಲ ಕಣ್ಣೊರೆಸಿಕೊಂಡವರು.

ಈ ಸಲ ನನ್ನ ಗಮನ ಹೋದದ್ದು ಪಂಪನ ಸ್ವಂತ ಜೋಳವಾಳಿಯ ಕಡೆಗೆ. ತಾಯಿಯ ಕಡೆಯಿಂದ ಅವನು ಅಣ್ಣಿಗೇರಿಯವನು. ಆ ಮನೆತನದ ಸುದ್ದಿ ಹೇಳುವುದು ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಕೆತ್ತಿಸಿದ ಶಾಸನ. ವೇಮುಲವಾಡದ ಅರಿಕೇಸರಿ ಪಂಪನಿಗೆ ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟ. ಪಂಪ ಆ ರಾಜನನ್ನು ಅರ್ಜುನನೊಂದಿಗೆ ಬೆಸೆದು ಕಾವ್ಯ ಬರೆದ. ಹಾಗೆ ಬೆಸೆಯಲು ಕತೆಯನ್ನೇ ತಿದ್ದಬೇಕಾಯಿತು: ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಗೆ ಪಟ್ಟಾಭಿಷೇಕದ ಹೊತ್ತಿಗೆ ಅವನ ಪಕ್ಕದಲ್ಲಿ ಕೂತವಳು ಸುಭದ್ರೆ. ಸಭೆಯಲ್ಲಿ ಮುಡಿ ಹಿಡಿಸಿಕೊಂಡವಳು ದ್ರೌಪದಿ, ಸಿಂಹಾಸನ ಇನ್ನೊಬ್ಬಳಿಗೆ. ಕರ್ಣನ ವಿಷಯದಲ್ಲಿ ಪಂಪ ಒಡೆಯನ ಮುಲಾಜು ಇಟ್ಟುಕೊಳ್ಳಲಿಲ್ಲ ಎಂದು ನಾವು ಅವನನ್ನು ಮೆಚ್ಚುತ್ತೇವೆ, ಮೆಚ್ಚಬೇಕಾದದ್ದೇ. ಆದರೆ ಕವಿಗೂ ರಾಜನಿಗೂ ನಡುವಿನ ಋಣವನ್ನು ತೀರಿಸಿದವಳು ದ್ರೌಪದಿ. ಅವಳು ಅರಿಕೇಸರಿಯ ಮನೆಯಲ್ಲಿ ಒಂದು ಹೊತ್ತೂ ಉಂಡವಳಲ್ಲ.

ಗಂಗೂಬಾಯಿಯವರ ಪುಸ್ತಕ ಈ ಭಾರವನ್ನು ಸ್ವಲ್ಪ ಇಳಿಸಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಸವಾಯಿ ಗಂಧರ್ವರ ಬಳಿ ಕಲಿಯಲು ಹೋಗುತ್ತಿದ್ದವರು ಅವರು. ಭೀಮಸೇನ ಜೋಶಿ ಅದೇ ಗುರುಮನೆಗೆ ನೀರು ಹೊತ್ತವರು. ಸವಾಯಿ ಗಂಧರ್ವರೇ ತಮ್ಮ ಗುರು ಅಬ್ದುಲ್ ಕರೀಂ ಖಾನರಿಗೆ ಇಷ್ಟವಿಲ್ಲದಿದ್ದರೂ ನಾಟಕ ಕಂಪನಿ ಸೇರಿದವರು. ಅಷ್ಟಾದರೂ ಗುರುವಿನ ಗಾಯಕಿಯನ್ನು ಶಿಷ್ಯರಿಗೆ ದಾಟಿಸಿದರು. ಅವರು 1952ರಲ್ಲಿ ತೀರಿಕೊಂಡ ಮೇಲೆ ಪುಣೆಯಲ್ಲಿ, ಕುಂದಗೋಳದಲ್ಲಿ ಅವರ ಹೆಸರಿನ ಸಂಗೀತೋತ್ಸವಗಳು ನಡೆದುಕೊಂಡು ಬಂದಿವೆ. ಇಲ್ಲಿ ಋಣ ಕೊಟ್ಟವರ ಕಡೆ ತಿರುಗದೆ ಮುಂದಿನವರ ಕಡೆ ಹರಿಯಿತು.

ನವಲಗುಂದದಲ್ಲಿ ಆದದ್ದು ಬೇರೆ. ಮಲಪ್ರಭಾ ಕಾಲುವೆಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದಿತು ಸರ್ಕಾರ. ನಮ್ಮ ಹೊಲಕ್ಕೆ ನೀರೇ ಮುಟ್ಟಿಲ್ಲ ಎಂದರು ಎಷ್ಟೋ ರೈತರು. ಉಣ್ಣದ ಜೋಳಕ್ಕೂ ಪಾಳಿ! 1980ರ ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು. ಆ ಪುಸ್ತಕದ ಬರವಣಿಗೆ ಘೋಷಣೆಯಂತಿದೆ, ಅಷ್ಟು ಚೆನ್ನಾಗಿಲ್ಲ. ಓದಿ ಮುಗಿಸಿದ ಮೇಲೂ ಬಿಡದೆ ಕಾಡಿದ್ದು ಮಾತ್ರ ಅದೇ.

ಇನ್ನು ಕಿರ್ದಿ. ವಾಡೆಯ ಅಜ್ಜ ಅದನ್ನು ಕೆಂಪು ಬಟ್ಟೆಯಿಂದ ಬಿಚ್ಚಿ ಕೊಟ್ಟರು. ಹನ್ನೊಂದು ದಿನ ಅವರ ಪಡಸಾಲೆಯಲ್ಲಿ ಕೂತು ಓದಿದೆ. ಹನ್ನೊಂದು ದಿನವೂ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ. ‘ನಮ್ಮ ಮನಿತನದ ಬಗ್ಗೆ ಛಲೋದು ಬರಿಯವಾ ತಂಗಿ’ ಎಂದು ದಿನಾ ಹೇಳುತ್ತಿದ್ದರು, ಜೋರಿನಿಂದಲ್ಲ, ಅಕ್ಕರೆಯಿಂದ. ಕಿರ್ದಿಯಲ್ಲಿ ಬೀಜದ ಲೆಕ್ಕ, ಜಾತ್ರೆಯ ಲೆಕ್ಕ, ಮದುವೆಯ ಲೆಕ್ಕದ ನಡುವೆ ಜೀತದ ಲೆಕ್ಕವೂ ಇತ್ತು. ಒಬ್ಬ ಆಳಿನ ಹೆಸರು ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ಅವನು ಉಂಡ ಜೋಳವನ್ನು ಅವನ ಸಾಲಕ್ಕೆ ಕೂಡಿಸುತ್ತ ಹೋಗಿದ್ದಾರೆ. ಒಂದು ಪುಟದಿಂದ ಮುಂದೆ ಅದೇ ಸಾಲ ಅವನ ಮಗನ ಹೆಸರಿಗಿದೆ. ಅದೂ ಜೋಳವಾಳಿಯೇ, ಬರೆದಿಟ್ಟವರು ಮಾತ್ರ ಉಣಿಸಿದವರು.

‘ಆ ಪುಟ ಬಿಡು, ಪ್ರಬಂಧಕ್ಕೆ ಅದರಿಂದ ಆಗಬೇಕಾದ್ದೇನು?’ ಎಂದಳು ಗೆಳತಿ. ತಮಾಷೆಗಲ್ಲ, ಆ ಮನೆಯವರು ನೋಯುತ್ತಾರೆ ಎಂಬುದು ಅವಳ ವಾದ, ಅದು ನಿಜವೂ ಹೌದು. ಆದರೆ ನಾನು ಉಂಡ ಹನ್ನೊಂದು ದಿನದ ರೊಟ್ಟಿಯ ಋಣವನ್ನು ಆ ಅಪ್ಪ ಮಗನ ಲೆಕ್ಕಕ್ಕೆ ಹಚ್ಚುವುದು ಹೇಗೆ? ಅವರ ಹೆಸರಿಗೆ ಮೊದಲೇ ಸಾಕಷ್ಟು ಬರೆದಾಗಿದೆ.

ಮೂರನೆಯ ಅಧ್ಯಾಯದಲ್ಲಿ ಆ ಪುಟಗಳು ಬರುತ್ತವೆ. ಆಳಿನ ಹೆಸರು ಕಿರ್ದಿಯಲ್ಲಿದ್ದಂತೆಯೇ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಇದೂ ಪಂಪನಂತೆ ಅರ್ಧ ದಾರಿಯೇ ಎಂದು ಯಾರಾದರೂ ಅಂದರೆ ಜಗಳಾಡುವುದಿಲ್ಲ. ಅಜ್ಜನ ಕಣ್ಣು ಮಂಜಾಗಿವೆ, ಹಾಗಾಗಿ ನಾನೇ ಓದಿ ಹೇಳಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವಾಗ ಹೊಲಕ್ಕೆ ಬಾ ಎಂದು ಕರೆದಿದ್ದಾರೆ. ಊಟಕ್ಕೆ ಮೊದಲು ಓದುವುದೋ, ಊಟ ಆದ ಮೇಲೋ ಎಂಬುದಷ್ಟೇ ಇನ್ನೂ ಗೊತ್ತಾಗಿಲ್ಲ.