ಕುಸಿತಕ್ಕೆ ಹೊಣೆ ಯಾವ ಹನಿ?

ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಬೆಲೂಂ ಗುಹೆಗಳ ಉದ್ದ 3,229 ಮೀಟರ್. ಸುಣ್ಣಕಲ್ಲಿನ ಆ ನೆಲವನ್ನು ಕೊರೆದುದು ಉಳಿಯಲ್ಲ, ನೀರು. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗಿ, ಬಿರುಕುಗಳಲ್ಲಿ ಇಳಿದು, ಕಲ್ಲನ್ನು ಕಣಕಣವಾಗಿ ಕರಗಿಸಿತು. ಆಧಾರ ಕಳೆದುಕೊಂಡ ಛಾವಣಿ ಅಲ್ಲಲ್ಲಿ ಕುಸಿಯಿತು.

ಆ ಕುಸಿತಕ್ಕೆ ಹೊಣೆ ಯಾವ ಹನಿ? ಕೊನೆಯದೆಂದರೆ ಮೊದಲಿನವೆಲ್ಲ ನಿರ್ದೋಷಿಗಳಾಗುವವೇ?

ಮನುಷ್ಯನ ಪತನವೂ ಹೀಗೆಯೇ. ಲೋಕ ಕಾಣುವುದು ಬಿದ್ದ ದಿನವನ್ನು, ಕರಗಿದ ವರ್ಷಗಳನ್ನಲ್ಲ. ಸಣ್ಣದೊಂದು ಸುಳ್ಳು, ಅಲ್ಪ ಲೋಭ, ಕ್ಷಣದ ಕ್ರೋಧ, ಪ್ರತಿಯೊಂದೂ ಒಂದು ಹನಿಯೇ. ಆದರೆ ಹನಿಯನ್ನು ತಡೆಯುವ ಶಕ್ತಿ ಕಲ್ಲಿಗಿಲ್ಲ, ಮನುಷ್ಯನಿಗುಂಟು. ಹೊಣೆ ಹುಟ್ಟುವುದು ಅಲ್ಲಿಯೇ.

ಬೆಲೂಮಿನಲ್ಲಿ ನೆಲ ಕುಸಿದುಂಟಾದ ಬಾವಿಯಂಥ ಕುಳಿಯೇ ಇಂದು ಗುಹೆಯ ಪ್ರವೇಶದ್ವಾರ. ಬಿದ್ದವನಿಗೂ ತನ್ನ ಒಳಗನ್ನು ನೋಡಿಕೊಳ್ಳಲು ಬಾಗಿಲೊಂದು ತೆರೆದೇ ಇರುತ್ತದೆ.